ತುಂಗಭದ್ರಾ ಅಚ್ಚುಕಟ್ಟಿಗೆ ಬಸಿಗಾಲುವೆ ತಡವಾಗಿ ಬಂದ ಕಥೆ

ಗಂಗಾವತಿಯಿಂದ ಸಿಂಧನೂರಿನ ಕಡೆ ಬೇಸಿಗೆಯಲ್ಲಿ ಹೊರಟರೆ ಹಸಿರು ಗದ್ದೆಗಳ ನಡುನಡುವೆ ಸುಣ್ಣ ಚೆಲ್ಲಿದಂತೆ ಬೆಳ್ಳಗಾದ ಹೊಲಗಳು ಸಿಗುತ್ತವೆ. ಅದು ಮಣ್ಣಿನೊಳಗಿಂದ ಮೇಲೆದ್ದ ಉಪ್ಪು. ತುಂಗಭದ್ರಾ ಯೋಜನೆಯ ಕರ್ನಾಟಕದ ಅಚ್ಚುಕಟ್ಟಿನಲ್ಲಿ ಹೀಗೆ ಉಪ್ಪೇರಿ ಸವಳಾದ, ನೀರು ನಿಂತು ಜವಳಾದ ಭೂಮಿ ಸುಮಾರು 96 ಸಾವಿರ ಹೆಕ್ಟೇರ್ ಎಂಬ ಲೆಕ್ಕ ಬಹಳ ಕಾಲದಿಂದ ಓಡಾಡುತ್ತಿದೆ. ಇದಕ್ಕೆ ಮದ್ದು ಹೊಲದ ಹೆಚ್ಚಿನ ನೀರನ್ನು ಹೊರಗೆ ಬಸಿಯುವುದು; ಆ ಏರ್ಪಾಟು ಇಲ್ಲಿಗೆ ಬಂದದ್ದು ಬಲು ತಡವಾಗಿ.

ಇದು ಯಾರಿಗೂ ಗೊತ್ತಿಲ್ಲದೆ ಬಂದ ಪೀಡೆಯಲ್ಲ. ಎರೆಭೂಮಿ ನೀರಾವರಿಗೆ ಒಗ್ಗುತ್ತದೆಯೇ ಎಂದು ನೋಡಲು ಅಣೆಕಟ್ಟಿಗೂ ಮುಂಚೆ, 1930ರ ದಶಕದಲ್ಲೇ ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆದಿತ್ತು. ಅದಕ್ಕೂ ಹಿಂದೆ, 1840ರ ದಶಕದಲ್ಲಿ, ದೆಹಲಿ-ಹರಿಯಾಣ ಕಡೆಯ ಪಶ್ಚಿಮ ಯಮುನಾ ಕಾಲುವೆಯ ಬದಿಯ ಊರುಗಳಲ್ಲಿ ನೀರು ನಿಂತು ಮಲೇರಿಯಾ ಹಬ್ಬಿ, ವಿಚಾರಣೆಗೆ ಸಮಿತಿಯೇ ಕೂತಿತ್ತು. ಮುಂದೆ ನಮ್ಮ ಪಕ್ಕದ ಪುಣೆ ಸೀಮೆಯಲ್ಲಿ ನೀರಾ ಕಾಲುವೆಯ ಕಬ್ಬಿನ ಹೊಲಗಳೂ ಕೆಟ್ಟವು. ಪಾಠ ಕಣ್ಣ ಮುಂದೆಯೇ ಇತ್ತು.

1953ರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಯೋಜನೆಯ ಆಶಯ ಬರ ತಡೆಯುವುದು. ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಸಾಲುವಷ್ಟು ನೀರು, ಭತ್ತ ಅಲ್ಪಸ್ವಲ್ಪ ಎಂದು ಸರ್ವೆ ನಂಬರುವಾರು ಗುರುತಿಸಿದ್ದರು. ಕಾಗದದಲ್ಲಿ ಹಾಗಿತ್ತು. ಕರಾವಳಿ ಆಂಧ್ರದಿಂದ ಬಂದು ‘ಕ್ಯಾಂಪ್’ ಎನ್ನುವ ವಸತಿಗಳನ್ನು ಕಟ್ಟಿಕೊಂಡವರು ಭತ್ತ ಹಾಕಿದರು, ಲಾಭ ಕಂಡ ಸ್ಥಳೀಯರೂ ಹಾಕಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಕಾಲುವೆ ಮೇಲ್ಭಾಗದಲ್ಲಿ ನೀರು ಧಾರಾಳ, ಅಕ್ಕಿಗೆ ಬೆಲೆ, ತಡೆಯುವವರಿಲ್ಲ. ಆ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಕೊನೆಭಾಗದ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ರಸ್ತೆಗಿಳಿಯುವುದಕ್ಕೂ ಮೇಲ್ಭಾಗದ ಹೊಲ ಜವಳಾಗುವುದಕ್ಕೂ ಕಾರಣ ಒಂದೇ.

ನದಿಯ ಸಿಹಿನೀರಿನಿಂದ ಉಪ್ಪು ಹೇಗೆ ಬರುತ್ತದೆ ಎಂದು ಕೇಳುವವರಿದ್ದಾರೆ. ಲೀಟರಿಗೆ ಬರೀ 200 ಮಿಲಿಗ್ರಾಂ ಲವಣವಿರುವ ಒಳ್ಳೆಯ ನೀರನ್ನೇ ತೆಗೆದುಕೊಳ್ಳಿ. ಒಂದು ಬೆಳೆಗೆ ಒಟ್ಟು ಒಂದು ಮೀಟರ್ ನೀರು ಹಾಯಿಸಿದರೆ ಎಕರೆಗೆ ಎಂಟು ಕ್ವಿಂಟಾಲ್ ಉಪ್ಪು ಹೊಲಕ್ಕೆ ಬಂದಂತಾಯಿತು. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಮಣ್ಣಿನಲ್ಲಿ ಮೊದಲೇ ಇದ್ದ ಲವಣ ಬೇರೆ. ಎರೆಮಣ್ಣಿನಲ್ಲಿ ನೀರು ಕೆಳಗಿಳಿಯುವುದು ಬಲು ನಿಧಾನ. ಅಂತರ್ಜಲ ಮೇಲಕ್ಕೇರಿ ನೆಲದಿಂದ ಒಂದೂವರೆ ಮೀಟರಿನೊಳಗೆ ಬಂತೆಂದರೆ, ಬಿಸಿಲಿಗೆ ತೇವ ಮೇಲೆ ಹತ್ತುತ್ತ ಉಪ್ಪನ್ನೂ ಹೊತ್ತು ತರುತ್ತದೆ. ವಿಚಿತ್ರವೆಂದರೆ ಉಪ್ಪು ತಡೆಯುವುದರಲ್ಲಿ ಹತ್ತಿ ಗಟ್ಟಿ, ಭತ್ತ ಸೂಕ್ಷ್ಮ. ಆದರೂ ಸವಳಿನಲ್ಲಿ ರೈತ ಭತ್ತಕ್ಕೇ ಜೋತುಬೀಳುತ್ತಾನೆ, ಏಕೆಂದರೆ ನಿಂತ ನೀರು ಉಪ್ಪನ್ನು ಸ್ವಲ್ಪ ಕೆಳಗೆ ಒತ್ತಿ ಹಿಡಿಯುತ್ತದೆ. ಮುಂದಿನ ಹಂಗಾಮಿಗೆ ಜವಳು ಇನ್ನಷ್ಟು ಹಬ್ಬಿರುತ್ತದೆ.

ನೆಲದಡಿ ಕೊಳವೆ ಹೂತು ನೀರು ಬಸಿಯುವ ಉಪಾಯ ಹಳೆಯದು. ಸ್ಕಾಟ್ಲೆಂಡಿನಿಂದ ನ್ಯೂಯಾರ್ಕ್ ಸೀಮೆಗೆ ವಲಸೆ ಹೋದ ಜಾನ್ ಜಾನ್ಸ್ಟನ್ ಎಂಬ ರೈತ 1830ರ ದಶಕದಲ್ಲೇ ಸುಟ್ಟ ಮಣ್ಣಿನ ಹೆಂಚುಗಳನ್ನು ಹೊಲದಲ್ಲಿ ಹೂಳಿಸಿದ್ದ. 1960ರ ದಶಕದ ಹೊತ್ತಿಗೆ ಪ್ಲಾಸ್ಟಿಕ್ ಪೈಪು ಬಂದು ಕೆಲಸ ಹಗುರವಾಯಿತು. ನಮ್ಮಲ್ಲಿ 1969ರಲ್ಲಿ ಕರ್ನಾಲಿನಲ್ಲಿ ಲವಣ ಮಣ್ಣಿನ ಕೇಂದ್ರ ಸಂಶೋಧನಾ ಸಂಸ್ಥೆ ಶುರುವಾಗಿ, 1980ರ ದಶಕದಲ್ಲಿ ಹರಿಯಾಣದ ಹೊಲಗಳಲ್ಲಿ ಪ್ರಯೋಗ ನಡೆಯಿತು. 1990ರ ದಶಕದಲ್ಲಿ ಡಚ್ಚರ ನೆರವಿನ ಯೋಜನೆ ಕೃಷ್ಣಾ ಮೇಲ್ದಂಡೆಯ ಭೀಮರಾಯನಗುಡಿಗೂ ಬಂತು. ಗಂಗಾವತಿ ಸಂಶೋಧನಾ ಕೇಂದ್ರವೂ ಇದೇ ಕೆಲಸಕ್ಕೆ ಕೈಹಾಕಿತು. ಅಷ್ಟರಲ್ಲಿ ಎಡದಂಡೆಗೆ ನೀರು ಬಂದು ನಾಲ್ಕು ದಶಕ ಸರಿದಿತ್ತು.

ಕೆಲಸ ನೋಡಲು ಸರಳ. ಮೀಟರಿನಷ್ಟು ಆಳಕ್ಕೆ ತೋಡು ತೆಗೆದು, ಸುತ್ತ ಜಾಳಿಗೆಬಟ್ಟೆ ಸುತ್ತಿದ ತೂತಿನ ಪೈಪನ್ನು ತೀರಾ ಕಡಿಮೆ ಇಳಿಜಾರಿನಲ್ಲಿ ಮಲಗಿಸುತ್ತಾರೆ. ಬಟ್ಟೆಯಿಲ್ಲದಿದ್ದರೆ ತೂತು ಕೆಸರಿನಿಂದ ಕಟ್ಟುತ್ತದೆ. ಹತ್ತಾರು ಮೀಟರಿಗೊಂದರಂತೆ ಹಾಸಿದ ಈ ಸಾಲುಗಳು ಒಂದು ದೊಡ್ಡ ಪೈಪಿಗೆ ಸೇರಿ, ಅದರ ಬಾಯಿ ಹಳ್ಳದಲ್ಲಿ ತೆರೆಯುತ್ತದೆ. ಆಮೇಲೆ ಮಳೆಯೋ ಕಾಲುವೆ ನೀರೋ ಮೇಲಿಂದ ಇಳಿದಷ್ಟೂ ಉಪ್ಪು ಕರಗಿ ಹೊರಬೀಳುತ್ತದೆ.

ತೊಡಕಿರುವುದು ಹೊಲದ ಬದುವಿನಾಚೆ. ಹೆಕ್ಟೇರಿಗೆ ಲಕ್ಷ ರೂಪಾಯಿ ಮೀರುವ ಖರ್ಚು ಸಣ್ಣ ಹಿಡುವಳಿಯವನಿಗೆ ಆಗದು. ದುಡ್ಡಿದ್ದರೂ ಒಬ್ಬನೇ ಹಾಕಿ ಫಲವಿಲ್ಲ, ಪೈಪು ಪಕ್ಕದವನ ಹೊಲ ದಾಟಿಯೇ ಹಳ್ಳ ಸೇರಬೇಕು. ನಾಟಿ ಹೊತ್ತಿನಲ್ಲಿ ಗದ್ದೆಯ ನೀರೂ ಗೊಬ್ಬರವೂ ಬಸಿದುಹೋಗುತ್ತದೆಂಬ ಅಳುಕು ಸುಳ್ಳಲ್ಲ. ಅದಕ್ಕಾಗಿಯೇ ಗಂಗಾವತಿಯಲ್ಲಿ ಗದ್ದೆಗೆ ನೀರು ಬೇಕಾದಾಗ ಪೈಪು ಮುಚ್ಚಿ, ಬೇಡವಾದಾಗ ತೆರೆಯುವ ‘ನಿಯಂತ್ರಿತ’ ಬಸಿಯುವಿಕೆಯನ್ನು ಪರೀಕ್ಷಿಸಿದರು.

ಇನ್ನು ಹಳ್ಳದ ಮಾತು. ಹೂಳು, ಜಾಲಿ, ಆಪು ತುಂಬಿ ಹಳ್ಳದ ನೀರು ಪೈಪಿನ ಬಾಯಿಗಿಂತ ಮೇಲೆ ನಿಂತರೆ, ಹೊಲದೊಳಗೆ ಎಷ್ಟೇ ಅಚ್ಚುಕಟ್ಟಾಗಿ ಪೈಪು ಹಾಸಿದ್ದರೂ ಹನಿ ಹೊರಬರುವುದಿಲ್ಲ. ಪೈಪಿಗೆ ಟೆಂಡರ್ ಕರೆಯುವಷ್ಟು ಉತ್ಸಾಹ ಹಳ್ಳದ ಹೂಳೆತ್ತುವುದರಲ್ಲಿ ಕಾಣುವುದಿಲ್ಲ. ಕಾಲುವೆ ಮೇಲ್ಭಾಗದ ಭತ್ತದ ಪ್ರಶ್ನೆಯನ್ನಂತೂ ಚುನಾವಣೆ ಎದುರಿಸಬೇಕಾದ ಯಾರೂ ಎತ್ತುವುದಿಲ್ಲ.