ವಿಡಿಯೋ ನೋಡಿದೆ ಸಾರ್, ಇನ್ನು ಬರುತ್ತೆ!

ಪ್ರಶ್ನೆ: ಕ್ಯಾಶುವಾಲ್ಟಿಯಲ್ಲಿ ಜೂನಿಯರ್ ಡಾಕ್ಟರುಗಳಿಗೆ ಕೂತು ಪಾಠ ಹೇಳೋಕೆ ಯಾರಿಗೂ ಪುರುಸೊತ್ತಿಲ್ಲ. ಆನ್‌ಲೈನ್‌ನಲ್ಲೇ ತರಬೇತಿ ಮುಗಿಸಿದರೆ ಆಗಲ್ವಾ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಅರ್ಧ ಆಗುತ್ತೆ, ಅರ್ಧ ಆಗಲ್ಲ.

ಆಗುವ ಅರ್ಧ ಸುಲಭದ್ದು. ಒಬ್ಬರದು ನೈಟ್ ಡ್ಯೂಟಿ, ಇನ್ನೊಬ್ಬರದು ಡೇ, ಎಲ್ಲರನ್ನೂ ಒಂದೇ ರೂಮಿನಲ್ಲಿ ಕೂರಿಸೋದು ಕನಸು. ಹಾಗಾಗಿ ತುರ್ತು ವಿಭಾಗದವರು ಆನ್‌ಲೈನ್ ಪಾಠಕ್ಕೆ ಬೇಗ ಒಗ್ಗಿಕೊಂಡರು. ಉಚಿತವಾಗಿ ಎಲ್ಲರಿಗೂ ಸಿಗುವ ಇಂಥ ವೈದ್ಯಕೀಯ ಪಾಠಗಳಿಗೆ 'ಫೋಮ್' ಅನ್ನೋ ಹೆಸರು ಹುಟ್ಟಿದ್ದು 2012ರಲ್ಲಿ, ಡಬ್ಲಿನ್‌ನ ಒಂದು ಪಬ್‌ನಲ್ಲಿ, ಬಿಯರ್ ಲೋಟದ ಮುಂದೆ. ಇಸಿಜಿ ಓದೋದು, ಎಕ್ಸ್‌ರೇ ನೋಡೋದು, ಔಷಧದ ಡೋಸ್, ಇವಕ್ಕೆಲ್ಲ ಆನ್‌ಲೈನ್ ಬಹಳ ಒಳ್ಳೆಯದು. ಒಂದು ವಾರ್ಡಿನಲ್ಲಿ ವರ್ಷಕ್ಕೊಮ್ಮೆ ಕಾಣುವ ಇಸಿಜಿಯನ್ನು ಒಂದೇ ಸಂಜೆ ಹತ್ತು ಥರ ನೋಡಬಹುದು.

ಈಗ ಹಠಮಾರಿ ನಂಬಿಕೆಗೆ ಬರೋಣ: "ವಿಡಿಯೋ ನೋಡಿದೆ ಸಾರ್, ಇನ್ನು ಬರುತ್ತೆ." ಬರಲ್ಲ. ನೋಡುತ್ತಾ ನೋಡುತ್ತಾ ಬರುತ್ತೆ ಅನ್ನೋ ಧೈರ್ಯ ಮಾತ್ರ ಬೆಳೆಯುತ್ತೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಡಾರ್ಟ್ ಎಸೆಯುವ ವಿಡಿಯೋವನ್ನು 20 ಸಲ ತೋರಿಸಿದರು, ಕೆಲವರಿಗೆ ಒಂದೇ ಸಲ. 20 ಸಲ ನೋಡಿದವರು 'ನಾನು ಚೆನ್ನಾಗಿ ಎಸೀತೀನಿ' ಅಂದುಕೊಂಡರು. ಎಸೆದಾಗ ಗುರಿ ಮಾತ್ರ ಒಂದಿಷ್ಟೂ ಉತ್ತಮವಾಗಿರಲಿಲ್ಲ.

ಡಾರ್ಟ್ ತಪ್ಪಿದರೆ ಗೋಡೆಗೆ ತಾಗುತ್ತೆ, ಅಷ್ಟೇ. ಉಸಿರು ನಿಂತವರಿಗೆ ಬ್ಯಾಗ್-ಮಾಸ್ಕ್ (ಮುಖಕ್ಕೆ ಮಾಸ್ಕ್ ಇಟ್ಟು, ಚೀಲ ಒತ್ತಿ ಗಾಳಿ ಕೊಡುವ ಸಾಧನ) ಹಿಡಿಯೋದನ್ನ ತಗೊಳ್ಳಿ. ವಿಡಿಯೋದಲ್ಲಿ ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲೆ, ಉಳಿದ ಮೂರು ದವಡೆಯ ಮೂಳೆಯ ಕೆಳಗೆ, ಎಲ್ಲಾ ಸೊಗಸಾಗಿ ಕಾಣುತ್ತೆ. ಕೈಗೆ ಕೊಟ್ಟು ನೋಡಿ. ಮೊದಲ ದಿನ ಎಲ್ಲರೂ ಮಾಸ್ಕನ್ನೇ ಮುಖಕ್ಕೆ ಒತ್ತುತ್ತಾರೆ. ಆಗ ಗದ್ದ ಕೆಳಗೆ ಹೋಗುತ್ತೆ, ಉಸಿರಿನ ದಾರಿ ಮುಚ್ಚುತ್ತೆ, ಪಕ್ಕದಿಂದ ಗಾಳಿ 'ಬುಸ್' ಅಂತ ಸೋರುತ್ತೆ. ದವಡೆಯನ್ನು ಮೇಲಕ್ಕೆತ್ತಿ ಮಾಸ್ಕಿಗೆ ತರಬೇಕು. ಈ ಒಂದು ವಾಕ್ಯವನ್ನು ನಾನು ಎಷ್ಟು ಬರೆದರೂ ನಿಮ್ಮ ಬೆರಳಿಗೆ ತಿಳಿಯಲ್ಲ, ಅಭ್ಯಾಸಕ್ಕಿಟ್ಟ ಬೊಂಬೆ, ಅಂದ್ರೆ ಮ್ಯಾನಿಕಿನ್, ಎದೆ ಏಳದೆ ಸುಮ್ನೆ ಮಲಗಿದ್ದಾಗ ತಿಳಿಯುತ್ತೆ.

ಅದಕ್ಕೇ ನಾನು ಹೇಳೋ ಕ್ರಮ ಇಷ್ಟು: ವಿಡಿಯೋ ಮನೆಯಲ್ಲಿ ನೋಡಿ ಬನ್ನಿ, ಇರುವ ಇಪ್ಪತ್ತು ನಿಮಿಷವನ್ನು ಕೈಗೆ ಕೊಡಿ. ಆಮೇಲೆ ಕೇಸ್ ನಡೆದಾಗ ಪಕ್ಕದಲ್ಲಿ ಸೀನಿಯರ್ ಇರಲಿ. ಓದುವ ಭಾಗದಲ್ಲೂ ಸುಮ್ನೆ ಮತ್ತೆ ಮತ್ತೆ ನೋಡೋ ಬದಲು ನಿಲ್ಲಿಸಿ ನಿಮಗೆ ನೀವೇ ಪ್ರಶ್ನೆ ಹಾಕಿಕೊಳ್ಳಿ. 2006ರ ಒಂದು ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮುಂದಿದ್ದರು. ವಾರ ಕಳೆದ ಮೇಲೆ ಮುಂದಿದ್ದವರು ಪುಸ್ತಕ ಮುಚ್ಚಿ ನೆನಪಿಸಿಕೊಂಡವರೇ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ. ವಿಡಿಯೋ ಯಾವ ವರ್ಷದ್ದು ಅಂತ ನೋಡ್ತೀರಾ? ಹೃದಯ ಪೂರ್ತಿ ನಿಂತು ಇಸಿಜಿ ಗೆರೆ ಚಪ್ಪಟೆಯಾದಾಗ ಅಟ್ರೊಪಿನ್ ಅನ್ನೋ ಔಷಧ ಕೊಡೋದು ಒಂದು ಕಾಲಕ್ಕೆ ಪಾಠದಲ್ಲೇ ಇತ್ತು, 2010ರ ಮಾರ್ಗಸೂಚಿಯಲ್ಲಿ ಅದನ್ನು ತೆಗೆದರು. ಹಳೇ ವಿಡಿಯೋಗಳು ಮಾತ್ರ ಇನ್ನೂ ಅಲ್ಲೇ ಇವೆ, ಲೈಕ್‌ಗಳೂ ಜಾಸ್ತಿ, ಹುಡುಕಿದರೆ ಮೊದಲು ಸಿಗೋದೂ ಎಷ್ಟೋ ಸಲ ಅವೇ. ಪ್ಲೇ ಒತ್ತೋ ಮುಂಚೆ ಕೆಳಗಿರುವ ತಾರೀಕು ಓದಿ.