ಅಣಕ ಅಂದರೆ ಲೇವಡಿ ಅಲ್ಲ

ಜಾಸ್ಪರ್ ಫೋರ್ಡ್ ಬರೆದ ‘ಥರ್ಸ್‌ಡೇ ನೆಕ್ಸ್ಟ್’ ಕಾದಂಬರಿಗಳ ಮಾತು ಬಂದಾಗಲೆಲ್ಲ ಒಂದು ಸಾಲು ಕಣ್ಣಿಗೆ ಬೀಳುತ್ತದೆ: ‘ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಅಣಕ ಮಾಡುವ ಸರಣಿ’. ಮುಂದಿನ ಸಾಲಿನಲ್ಲಿ ಅದೇ ‘ವಿಡಂಬನೆ’ ಆಗುತ್ತದೆ. ಅದರ ಮುಂದೆ ‘ಲೇವಡಿ’. ಮೂರೂ ಒಂದೇ ಅನ್ನುವ ಹಾಗೆ! ಈ ಸರಣಿಯನ್ನು ಇಷ್ಟಪಟ್ಟು ಓದಿದವರಿಗೆ ಇದು ಕಿರಿಕಿರಿ ಮಾಡುತ್ತದೆ, ಯಾಕೆಂದರೆ ಪದ ತಪ್ಪಿದರೆ ಪುಸ್ತಕವೇ ತಪ್ಪಾಗಿ ಅರ್ಥವಾಗುತ್ತದೆ.

ಅಣಕಿಸುವುದು ಅಂದರೆ ಇನ್ನೊಬ್ಬರ ಹಾಗೆಯೇ ಮಾಡಿ ತೋರಿಸುವುದು. ದನಿ, ನಡಿಗೆ, ಮಾತಿನ ಧಾಟಿ. ನಗು ಅದರ ಹಿಂದೆ ಬರಬಹುದು, ಬರದೆಯೂ ಇರಬಹುದು. ಪತ್ರಿಕೆಗಳಲ್ಲಿ ‘ಅಣಕು ಕಾರ್ಯಾಚರಣೆ’ ಅಂತ ಓದುತ್ತೇವೆ, ಅಲ್ವಾ? ಅಲ್ಲಿ ಅಗ್ನಿಶಾಮಕ ದಳವನ್ನು ಯಾರೂ ಗೇಲಿ ಮಾಡುತ್ತಿರುವುದಿಲ್ಲ. ‘ಅಣಕು ಸಂಸತ್ತು’ ನಡೆಸುವ ಮಕ್ಕಳು ಸಂಸತ್ತನ್ನು ಹೀಯಾಳಿಸುವುದಿಲ್ಲ. ‘ಅಣಕವಾಡು’ ನೋಡಿ. ಅದು ಅಣಕ ಮತ್ತು ಪಾಡು ಸೇರಿ ಆದದ್ದು. ಪಾಡು ಅಂದರೆ ಹಳಗನ್ನಡದ ಹಾಡು. ಕೆನೆ, ಪಾಲು ಸೇರಿ ಕೆನೆವಾಲು ಆಗುವ ಹಾಗೆ ಇಲ್ಲೂ ಪಕಾರ ವಕಾರವಾಯಿತು. ಇಂಗ್ಲಿಷಿನ ‘ಪ್ಯಾರಡಿ’ಯ ಗ್ರೀಕ್ ಬೇರೂ ಇದಕ್ಕೆ ತೀರಾ ಹತ್ತಿರ: ‘ಪಾರಾ’ ಅಂದರೆ ಪಕ್ಕ, ‘ಓಡೆ’ ಅಂದರೆ ಹಾಡು. ಒಂದು ಹಾಡಿನ ಪಕ್ಕ ನಿಂತ ಇನ್ನೊಂದು ಹಾಡು. ಮೂಲದ ಧಾಟಿ ಕೇಳುಗನ ತಲೆಯಲ್ಲಿ ಓಡುತ್ತಿದ್ದರೆ ಮಾತ್ರ ಅಣಕವಾಡಿಗೆ ಜೀವ. ಅಷ್ಟು ಚೆನ್ನಾಗಿ ಧಾಟಿ ಬಲ್ಲವರು ಜಾಸ್ತಿ ಆ ಹಾಡನ್ನು ಮೆಚ್ಚಿದವರೇ ಆಗಿರುತ್ತಾರೆ.

ಇನ್ನು ವಿಡಂಬನೆ. ಸಂಸ್ಕೃತದಲ್ಲಿ ಈ ಪದಕ್ಕೆ ಅನುಕರಣೆ ಅನ್ನುವ ಅರ್ಥವೂ ಇದೆ. ಅದನ್ನೇ ಹಿಡಿದು ‘ಎರಡೂ ಒಂದೇ’ ಎಂದು ವಾದಿಸುವವರಿದ್ದಾರೆ. ಬೇರು ಏನೇ ಇರಲಿ, ಇವತ್ತಿನ ಕನ್ನಡದಲ್ಲಿ ವಿಡಂಬನೆಗೆ ಒಂದು ಗುರಿ ಬೇಕು. ಅಧಿಕಾರ, ದುರಾಸೆ, ಸೋಗಲಾಡಿತನ, ಏನಾದರೂ ಸರಿ. ಅನುಕರಣೆ ಇಲ್ಲದಿದ್ದರೂ ನಡೆಯುತ್ತದೆ, ಚುಚ್ಚದಿದ್ದರೆ ನಡೆಯುವುದಿಲ್ಲ. (‘ವಿಧಿಯ ವಿಡಂಬನೆ’ಯ ದಾರಿಯೇ ಬೇರೆ. ಅದನ್ನು ಸುಮ್ನೆ ಇಲ್ಲಿಗೆ ಎಳೆಯುವುದು ಬೇಡ.)

ಈಗ ಸರಣಿಯ ಮೊದಲ ಪುಸ್ತಕಕ್ಕೆ ಬನ್ನಿ. 2001ರಲ್ಲಿ ಬಂದ ‘ದಿ ಏರ್ ಅಫೇರ್’. ಕಥೆ ನಡೆಯುವುದು 1985ರ ಬೇರೊಂದು ಇಂಗ್ಲೆಂಡಿನಲ್ಲಿ. ಅಲ್ಲಿ ಕ್ರೈಮಿಯಾ ಯುದ್ಧ ಇನ್ನೂ ಮುಗಿದಿಲ್ಲ, ಸಾಹಿತ್ಯದ ಅಪರಾಧಗಳಿಗೇ ಬೇರೆ ಪೊಲೀಸರಿದ್ದಾರೆ. ನಾಯಕಿ ಥರ್ಸ್‌ಡೇ ನೆಕ್ಸ್ಟ್ ಅವರಲ್ಲೊಬ್ಬಳು. ಖಳನಾಯಕ ಶಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ ಕಾದಂಬರಿಯ ಮೂಲ ಹಸ್ತಪ್ರತಿ ಕದ್ದು, ಪುಸ್ತಕದೊಳಗೆ ಹೋಗುವ ಯಂತ್ರದಿಂದ ನಾಯಕಿ ಜೇನ್‌ಳನ್ನೇ ಅಪಹರಿಸುತ್ತಾನೆ. ಕಥೆ ಹೇಳುತ್ತಿದ್ದವಳು ಅವಳೇ. ಅವಳು ಹೋದದ್ದೇ ತಡ, ಎಲ್ಲ ಪ್ರತಿಗಳಲ್ಲೂ ಕಥೆ ಅರ್ಧಕ್ಕೆ ನಿಂತು ಮುಂದಿನ ಪುಟಗಳು ಖಾಲಿ! ‘ನಾನು’ ಎಂದು ಹೇಳುವ ಕಾದಂಬರಿ ಹೇಗೆ ನಡೆಯುತ್ತದೆ ಅನ್ನುವುದನ್ನು ಇಷ್ಟು ಖುಷಿಯಾಗಿ ತೋರಿಸಿದ್ದು ನಾನು ಬೇರೆಲ್ಲೂ ಓದಿಲ್ಲ.

ಆ ಲೋಕದ ‘ಜೇನ್ ಏರ್’ ಮುಗಿಯುವುದೂ ಬೇರೆ ಥರ. ಜೇನ್ ಪಾದ್ರಿಯ ಜೊತೆ ಭಾರತಕ್ಕೆ ಹೊರಟುಬಿಡುತ್ತಾಳೆ. ಓದುಗರಿಗೆ ಆ ಕೊನೆ ಹಿಡಿಸಿಲ್ಲ. ಕಥೆಯೊಳಗೆ ಹೋದ ಥರ್ಸ್‌ಡೇ, ಜೇನ್‌ಳ ಕಿಟಕಿಯ ಹೊರಗೆ ನಿಂತು, ಜೇನ್ ಪ್ರೀತಿಸಿದ ರಾಚೆಸ್ಟರ್‌ನ ದನಿ ತೆಗೆದು ಅವಳ ಹೆಸರು ಕೂಗುತ್ತಾಳೆ. ಜೇನ್ ಅವನ ಬಳಿಗೆ ಮರಳುತ್ತಾಳೆ. ಶಾರ್ಲೆಟ್ ಬ್ರಾಂಟೆ 1847ರಲ್ಲಿ ಕೊಟ್ಟ, ನಾವೆಲ್ಲ ಓದಿರುವ ಕೊನೆಯೇ ಹೀಗೆ ಹುಟ್ಟಿತು ಅನ್ನುತ್ತಾನೆ ಫೋರ್ಡ್. ದನಿ ಅಣಕಿಸುವುದು ಇಲ್ಲಿ ಅಕ್ಷರಶಃ ನಡೆಯುತ್ತದೆ. ಅದರಲ್ಲಿ ಲೇವಡಿ ಎಲ್ಲಿದೆ? ಮೂಲದ ಒಂದು ಕೂದಲೂ ಕೊಂಕದ ಹಾಗೆ ಅಷ್ಟು ದೊಡ್ಡ ಕಥೆ ಕಟ್ಟಿದ್ದಾನೆ.

ಹಾಗಾದರೆ ಸರಣಿಯಲ್ಲಿ ಅಣಕ ಇಲ್ಲವೇ? ಬೇಕಾದಷ್ಟಿದೆ. ಆದರೆ ಯಾವುದರ ಅಣಕ ಅಂತ ಕೇಳಿಕೊಳ್ಳಬೇಕು. ಪತ್ತೇದಾರಿ ಕಾದಂಬರಿಯ ಅಣಕ, ಕಚೇರಿ ಕಾಗದಪತ್ರಗಳ ಅಣಕ. ಮೂರನೆಯ ಪುಸ್ತಕದಲ್ಲಿ ಎಮಿಲಿ ಬ್ರಾಂಟೆಯ ಕಾದಂಬರಿ ‘ವುದರಿಂಗ್ ಹೈಟ್ಸ್’ನ ಪಾತ್ರಗಳನ್ನೆಲ್ಲ ಕೂರಿಸಿ ಸಿಟ್ಟು ಇಳಿಸುವ ಆಪ್ತಸಮಾಲೋಚನೆ ನಡೆಯುತ್ತದೆ. ಎಲ್ಲರಿಗೂ ಅದರ ನಾಯಕ ಹೀತ್‌ಕ್ಲಿಫ್ ಮೇಲೆ ಕೆಂಡದಂಥ ಕೋಪ. ನಡೆಸಿಕೊಡುವವಳು ಡಿಕನ್ಸ್‌ನ ಕಾದಂಬರಿಯೊಂದರ ಪಾತ್ರ ಮಿಸ್ ಹ್ಯಾವಿಶಾಮ್. ಇಲ್ಲಿ ಅಚ್ಚು ತೆಗೆದಿರುವುದು ಇಂಥ ಸಭೆಗಳ ಮಾತಿನ ವರಸೆಯನ್ನು, ಎಮಿಲಿ ಬ್ರಾಂಟೆಯ ಬರವಣಿಗೆಯನ್ನಲ್ಲ. ಹೀತ್‌ಕ್ಲಿಫ್ ಎಂಥವನು ಅಂತ ಗೊತ್ತಿದ್ದವರಿಗೇ ಅಲ್ಲಿ ಹೆಚ್ಚು ನಗು ಬರುವುದು.

ವಿಡಂಬನೆ ಬೇಕಾದವರು ಗೋಲಿಯಾತ್ ಅನ್ನುವ ಕಂಪನಿಯನ್ನು ನೋಡಲಿ. ಪುಸ್ತಕದೊಳಗೆ ಹೋಗುವ ಯಂತ್ರ ಕೈಗೆ ಸಿಕ್ಕಿದರೆ ಅದಕ್ಕೆ ಬೇಕಾಗಿರುವುದು ಕಥೆಯಲ್ಲ, ಕಥೆಯಲ್ಲಿ ಮಾತ್ರ ಕೆಲಸ ಮಾಡುವ ಬಂದೂಕುಗಳು. ಅವನ್ನು ಹೊರಗೆ ತಂದು ಯುದ್ಧಕ್ಕೆ ಕಳಿಸುವ ಆಸೆ. ಫೋರ್ಡ್ ಮುಳ್ಳು ಚುಚ್ಚಿರುವುದು ಇಲ್ಲಿ. ಆ ಕಂಪನಿಯ ಅಧಿಕಾರಿಯನ್ನು ಥರ್ಸ್‌ಡೇ ಕೊನೆಗೆ ಎಡ್ಗರ್ ಅಲನ್ ಪೋನ ‘ದಿ ರೇವನ್’ ಕವಿತೆಯೊಳಗೆ ಕೂಡಿಹಾಕಿ ಬರುತ್ತಾಳೆ.