ವರ್ಣಾಂಧತೆಯೂ ಬ್ರೇಕ್ ದೀಪದ ಕೆಂಪೂ

ವರ್ಣಾಂಧತೆಯಿರುವವರಿಗೆ ವಾಹನ ಓಡಿಸುವಾಗ ಎದುರಾಗುವ ದೊಡ್ಡ ತೊಡಕು ಸಿಗ್ನಲ್ ಕಂಬವೇ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ನೆಟ್ಟಗೆ ನಿಲ್ಲಿಸಿದ ಸಿಗ್ನಲ್‌ನಲ್ಲಿ ಕೆಂಪು ಮೇಲೆ, ಹಳದಿ ನಡುವೆ, ಹಸಿರು ಕೆಳಗೆ ಇರುವುದರಿಂದ, ಬಣ್ಣ ತಿಳಿಯದಿದ್ದರೂ ಉರಿಯುತ್ತಿರುವ ದೀಪದ ಸ್ಥಾನ ತಿಳಿಯುತ್ತದೆ. ಕತ್ತಲಲ್ಲಿ ಪೆಟ್ಟಿಗೆಯ ಆಕಾರ ಮರೆಯಾದಾಗ, ಅಥವಾ ದಸರೆಯ ದಿನಗಳಲ್ಲಿ ಮೈಸೂರಿನ ಬೀದಿಗಳ ಬಣ್ಣದ ದೀಪಾಲಂಕಾರ ಸಿಗ್ನಲ್‌ನ ಹಿಂದೆಯೇ ಹರಡಿಕೊಂಡಾಗ ಮಾತ್ರ ಈ ಆಸರೆ ದುರ್ಬಲವಾಗುತ್ತದೆ.

ಇದಕ್ಕಿಂತ ಗಂಭೀರವಾದ, ಆದರೆ ಹೆಚ್ಚು ಚರ್ಚೆಯಾಗದ ಸಮಸ್ಯೆಯೊಂದಿದೆ. ನಮ್ಮ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಮೂರು ಬಗೆಯವು. ಅವುಗಳಲ್ಲಿ ಎರಡು ಬಗೆಯ ಕೋಶಗಳ ಬೆಳಕುಗ್ರಾಹಿ ವರ್ಣದ್ರವ್ಯದ ವಂಶವಾಹಿಗಳು ಎಕ್ಸ್ ವರ್ಣತಂತುವಿನಲ್ಲಿವೆ. ಗಂಡಸರಲ್ಲಿ ಆ ವರ್ಣತಂತು ಒಂದೇ ಇರುವುದರಿಂದ ಕೆಂಪು-ಹಸಿರು ವರ್ಣಾಂಧತೆ ಅವರಲ್ಲಿಯೇ ಹೆಚ್ಚು. ಆ ಎರಡರಲ್ಲಿ ಹಸಿರಿಗೆ ಹೆಚ್ಚು ಸ್ಪಂದಿಸುವ ಮಧ್ಯಮ ತರಂಗಾಂತರದ ಕೋಶಗಳು ಕೆಟ್ಟಿದ್ದರೆ ಕೆಂಪು, ಹಸಿರುಗಳ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆಯೇ ಹೊರತು ಕೆಂಪಿನ ಪ್ರಖರತೆ ಅಷ್ಟಾಗಿ ಕುಂದುವುದಿಲ್ಲ. ಕೆಂಪು ಬೆಳಕನ್ನು ಹಿಡಿಯುವ ದೀರ್ಘ ತರಂಗಾಂತರದ ಕೋಶಗಳು ಇಲ್ಲದವರಿಗೆ ಅಥವಾ ಕೆಟ್ಟಿರುವವರಿಗೆ ಮಾತ್ರ ಕೆಂಪು ಬೆಳಕೇ ಮಂಕಾಗುತ್ತದೆ. ಮುಂದಿನ ವಾಹನದ ಬ್ರೇಕ್ ದೀಪ ಇತರರಿಗೆ ದೂರದಿಂದಲೇ ಕಂಡರೆ, ಇವರಿಗೆ ಸಾಕಷ್ಟು ಹತ್ತಿರ ಹೋದ ಮೇಲೆ ಕಾಣಬಹುದು.

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ರಾತ್ರಿ ಸಂಚರಿಸುವವರು ಇದನ್ನು ಯೋಚಿಸಬೇಕು. ಟ್ರೇಲರ್‌ನಿಂದ ಹೊರಚಾಚಿದ ಕಬ್ಬು ಹಿಂದಿನ ದೀಪವನ್ನು ಮುಚ್ಚಿರುತ್ತದೆ. ಎಚ್ಚರಿಕೆಗೆಂದು ತುದಿಗೆ ಕಟ್ಟುವ ಕೆಂಪು ಬಟ್ಟೆ ಇಂಥವರ ಕಣ್ಣಿಗೆ ಹೆಚ್ಚುಕಡಿಮೆ ಕಪ್ಪು ಚಿಂದಿಯಾಗಿ ಕಾಣುತ್ತದೆ.

ಸೌಮ್ಯ ಹಾಗೂ ಮಧ್ಯಮ ಪ್ರಮಾಣದ ವರ್ಣಾಂಧತೆಯಿರುವವರಿಗೂ ಚಾಲನಾ ಪರವಾನಗಿ ನೀಡುವಂತೆ ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಿಯಮ ತಿದ್ದಿತು. ಇದು ನ್ಯಾಯವಾದ ತೀರ್ಮಾನ; ಬಣ್ಣ ಕಾಣದೆಂಬ ಒಂದೇ ಕಾರಣಕ್ಕೆ ಒಬ್ಬರ ಜೀವನೋಪಾಯ ಕಸಿಯುವುದು ಸರಿಯಲ್ಲ. ಆದರೆ ಪರೀಕ್ಷೆಯು ಪಾಸು, ಫೇಲು ಎಂಬಲ್ಲಿಗೇ ನಿಲ್ಲಬಾರದು. ತಮ್ಮ ನ್ಯೂನತೆ ಯಾವ ಬಗೆಯದೆಂದು ಚಾಲಕರು ನೇತ್ರತಜ್ಞರನ್ನು ಕೇಳಿ ತಿಳಿದುಕೊಳ್ಳಬೇಕು; ಕೆಂಪು ಮಂಕಾಗುವ ಬಗೆಯದಾದರೆ ರಾತ್ರಿ ಹೊತ್ತು ಮುಂದಿನ ವಾಹನದಿಂದ ಹೆಚ್ಚಿನ ಅಂತರ ಕಾಯ್ದುಕೊಳ್ಳಬೇಕು. ಕಬ್ಬಿನ ಲೋಡು ಸಾಗಿಸುವವರು ಕೆಂಪು ಬಟ್ಟೆಯ ಜೊತೆಗೆ ಹಳದಿ ಪ್ರತಿಫಲಕ ಪಟ್ಟಿಯನ್ನೂ ಕಟ್ಟಿದರೆ, ಹೆಡ್‌ಲೈಟಿನ ಬೆಳಕು ಬಿದ್ದೊಡನೆ ಅದು ವರ್ಣಾಂಧರಿಗೂ ಉಳಿದವರಿಗೂ ಒಂದೇ ದೂರದಿಂದ ಕಾಣುತ್ತದೆ.